ಅಲ್ಪವಿರಾಮ ಅಲ್ಪವೇನಲ್ಲ

‘ದಿ ಸ್ವಿಚ್ ಈಸ್ ಆನ್, ದಿ ಬಲ್ಬ್ ಗ್ಲೋಸ್.’ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯ ಕಂಡೊಡನೆ ಮೇಷ್ಟರ ಕೆಂಪು ಶಾಯಿ ಹರಿಯುತ್ತದೆ. ಕಾಗುಣಿತ ಸರಿ, ವಿಜ್ಞಾನವೂ ಸರಿ. ಹಾಗಾದರೆ ತಪ್ಪೇನು? ನಡುವಿನ ಕಾಮಾ!

ಇದಕ್ಕೆ ಮಕ್ಕಳ ಅಜಾಗರೂಕತೆಯನ್ನು ದೂರಬೇಕಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅನೇಕ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಈ ಎರಡೂ ಭಾಷೆಗಳಲ್ಲಿ ವಾಕ್ಯ ಜೋಡಿಸುವ ಕೊಂಡಿ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ಸ್ವಿಚ್ ಹಾಕಿದರೆ ಬಲ್ಬ್ ಉರಿಯುತ್ತದೆ’ ಎನ್ನುವಾಗ ‘ಹಾಕಿದರೆ’ ಎಂಬ ರೂಪವೇ ಬೆಸುಗೆ. ‘ಬಂದು’, ‘ತಿಂದು’ಗಳೂ ಹಾಗೆಯೇ, ತೆಲುಗಿನ ‘ವಚ್ಚಿ’, ‘ತಿನಿ’ಗಳೂ ಹಾಗೆಯೇ. ಕಾಮಾ ಹಾಕಿದರೂ ಬಿಟ್ಟರೂ ಅರ್ಥ ಕದಲದು. ನಮ್ಮ ಓಲೆಗರಿಗಳ ಕಾಲದಲ್ಲಿ ಕಾಮಾ ಇರಲೇ ಇಲ್ಲವಲ್ಲ!

ಇಂಗ್ಲಿಷಿನ ಕ್ರಿಯಾಪದಕ್ಕೆ ಇಂಥ ಬಾಲವಿಲ್ಲ. ಅಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾದಿಂದ ಸೇರಿಸುವುದೆಂದರೆ ರೈಲಿನ ಎರಡು ಡಬ್ಬಿಗಳನ್ನು ದಾರದಿಂದ ಕಟ್ಟಿದಂತೆ. ದಾರಿಗಳು ಮೂರು. ಒಂದು, ಪೂರ್ಣವಿರಾಮ ಇಟ್ಟು ಬೇರ್ಪಡಿಸಿ. ಎರಡು, ನಂಟು ಹತ್ತಿರದ್ದಾದರೆ ಅರ್ಧವಿರಾಮ ಹಾಕಿ. ಮೂರು, ಕಾಮಾದ ಜೊತೆಗೆ ‘ಸೋ’, ‘ಆ್ಯಂಡ್’, ‘ಬಟ್’ ಬಳಸಿ: ‘ದಿ ಸ್ವಿಚ್ ಈಸ್ ಆನ್, ಸೋ ದಿ ಬಲ್ಬ್ ಗ್ಲೋಸ್.’

‘ವೆನ್’, ‘ಇಫ್’ನಿಂದ ಹೊರಡುವ ಉಪವಾಕ್ಯ ಮೊದಲು ಬಂದರೆ ಅದರ ಕೊನೆಗೆ ಕಾಮಾ ಬೇಕು: ‘ವೆನ್ ದಿ ಸ್ವಿಚ್ ಈಸ್ ಆನ್, ದಿ ಬಲ್ಬ್ ಗ್ಲೋಸ್.’ ಅದೇ ಉಪವಾಕ್ಯ ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ.

ಕೆಲವೆಡೆ ಕಾಮಾ ಅರ್ಥವನ್ನೇ ಬದಲಿಸುತ್ತದೆ. ಶ್ರೀನಿವಾಸಪುರದ ಮಾವನ್ನೇ ತೆಗೆದುಕೊಳ್ಳಿ. ‘ದಿ ಮ್ಯಾಂಗೋಸ್ ವಿಚ್ ವರ್ ರೈಪ್ ವರ್ ಸೋಲ್ಡ್’ ಎಂದರೆ ಹಣ್ಣಾದವು ಮಾತ್ರ ಮಾರಾಟವಾದವು, ಕಾಯಿ ಉಳಿದಿರಬಹುದು. ‘ದಿ ಮ್ಯಾಂಗೋಸ್, ವಿಚ್ ವರ್ ರೈಪ್, ವರ್ ಸೋಲ್ಡ್’ ಎಂದರೆ ಎಲ್ಲವೂ ಹಣ್ಣಾಗಿದ್ದವು, ಎಲ್ಲವೂ ಮಾರಾಟವಾದವು. ಕರಾರುಪತ್ರದಲ್ಲಿ ಹೀಗೆ ಬರೆದರೆ ಎರಡು ಕಾಮಾಗಳ ಬೆಲೆ ಒಂದು ಲೋಡ್ ಮಾವು!

ಉತ್ಪ್ರೇಕ್ಷೆಯೆನಿಸಿತೇ? ಅಮೆರಿಕದ ಮೈನ್ ರಾಜ್ಯದ ಓಕ್‌ಹರ್ಸ್ಟ್ ಡೇರಿಯ ಚಾಲಕರು ಹೆಚ್ಚುವರಿ ದುಡಿಮೆಯ ಸಂಬಳಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಯಾವ ಕೆಲಸಗಳಿಗೆ ಆ ಸಂಬಳವಿಲ್ಲವೆಂದು ಹೇಳುವ ಕಾನೂನಿನ ಪಟ್ಟಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂಬ ಪದಗಳಿಂದ ಮುಗಿಯುತ್ತಿತ್ತು. ‘ಶಿಪ್‌ಮೆಂಟ್’ ಆದಮೇಲೆ ಕಾಮಾ ಇರಲಿಲ್ಲ. ಹೊರಗಿಟ್ಟದ್ದು ಸರಕು ಹಂಚುವ ಕೆಲಸವನ್ನೋ, ಹಂಚಲೆಂದು ಪ್ಯಾಕ್ ಮಾಡುವ ಕೆಲಸವನ್ನೋ? ಈ ಗೊಂದಲದ ಲಾಭವನ್ನು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರಿಗೆ ಕೊಟ್ಟಿತು. 2018ರಲ್ಲಿ ಡೇರಿ 50 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಹಾಲಿನ ಹಣವನ್ನೇ ನಂಬಿದ ನಮ್ಮ ಜಿಲ್ಲೆಯ ಮನೆಗಳಿಗೆ ಇದರ ತೂಕ ತಿಳಿಯದ್ದೇನಲ್ಲ.

ಆದ್ದರಿಂದ ಪೋಷಕರೇ, ಮಗು ಇಂಗ್ಲಿಷ್ ವಾಕ್ಯ ಬರೆದಾಗ ಕಾಮಾದ ಎಡಕ್ಕೂ ಬಲಕ್ಕೂ ಕೈಯಿಟ್ಟು ಓದಿಸಿ. ಎರಡೂ ಕಡೆ ಸ್ವತಂತ್ರವಾಗಿ ನಿಲ್ಲುವ ವಾಕ್ಯವಿದ್ದು, ನಡುವೆ ಜೋಡಿಸುವ ಪದವಿಲ್ಲದಿದ್ದರೆ ಕಾಮಾ ಸಾಲದು. ಇಂಗ್ಲಿಷ್ ಬಾರದ ತಾಯಿಯೂ ‘ಇಷ್ಟಕ್ಕೇ ಮಾತು ಮುಗಿಯಿತೇನಪ್ಪಾ?’ ಎಂದು ಕೇಳಬಹುದು. ಉತ್ತರವನ್ನು ಮಗುವೇ ಹುಡುಕಿಕೊಳ್ಳುತ್ತದೆ.