ಎಣಿಸಲು 96 ದಿನ

4ಕೆ ಟಿವಿಯ ಮುಂದೆ ಕೂತು ಪರದೆಯ ಮೇಲಿನ ಚುಕ್ಕಿಗಳನ್ನು ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು, ಎಣಿಸುತ್ತ ಹೋದರೆ ಸರಿಯಾಗಿ 96 ದಿನ ಬೇಕು. ಸರಿಯಾಗಿ ಎಂದರೆ ಸರಿಯಾಗಿಯೇ: ಅಡ್ಡಕ್ಕೆ 3,840, ಎತ್ತರಕ್ಕೆ 2,160, ಗುಣಿಸಿದರೆ 82,94,400. 96 ದಿನಕ್ಕೂ ಅಷ್ಟೇ ಸೆಕೆಂಡು, ಒಂದೂ ಹೆಚ್ಚು ಕಡಿಮೆಯಿಲ್ಲ. ಸಂಕ್ರಾಂತಿಯ ದಿನ ಕೂತವರು ಏಳುವ ಹೊತ್ತಿಗೆ ಯುಗಾದಿ ಕಳೆದಿರುತ್ತದೆ. ಇದೆಲ್ಲ ಒಂದೇ ಒಂದು ನಿಂತ ಚಿತ್ರಕ್ಕೆ. ಪರದೆಯಾದರೋ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ಮೂಡಿಸುತ್ತದೆ. ಧಾರಾವಾಹಿಯ ಅತ್ತೆ ಹುಬ್ಬೇರಿಸುವ ಆ ಒಂದು ಸೆಕೆಂಡನ್ನು ಎಣಿಸಿ ಮುಗಿಸಲು 15 ವರ್ಷ 9 ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಧಾರಾವಾಹಿಯೂ ಮುಗಿದಿರಬಹುದು, ಖಚಿತವಾಗಿ ಹೇಳಲಾರೆ.

ಒಂದೊಂದು ಚುಕ್ಕಿಯೊಳಗೂ ಕೆಂಪು, ಹಸಿರು, ನೀಲಿಯ ಮೂರು ಮನೆಗಳು. ಒಟ್ಟು 2,48,83,200. ಪ್ರತಿ ಮನೆಗೂ ತನ್ನದೇ ಆದ ಪುಟ್ಟ ಟ್ರಾನ್ಸಿಸ್ಟರ್ ಇದೆ. ಹತ್ತು ಲಕ್ಷಕ್ಕೆ ಒಂದು ಕೈಕೊಟ್ಟರೂ ಪರದೆಯಲ್ಲಿ 25 ಕಡೆ ದೋಷ ಉಳಿಯುತ್ತದೆ. ಆದರೂ ಅಂಗಡಿಯಲ್ಲಿರುವ ಸೆಟ್ಟಿನಲ್ಲಿ ಒಂದು ಕೆಟ್ಟ ಚುಕ್ಕಿ ಹುಡುಕಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಪರದೆಯ ಗಾಜು ಹುಟ್ಟುವುದೂ ಟಿವಿಯ ಅಳತೆಯಲ್ಲಲ್ಲ. ಚೀನಾದ ಹೆಫೆಯಲ್ಲಿ ಬಿಒಇ ಕಂಪನಿ ಬಳಸುವ ಒಂದು ಹಾಳೆ 2,940 ಮಿ.ಮೀ. ಅಗಲ, 3,370 ಮಿ.ಮೀ. ಉದ್ದ. ನಮ್ಮ ಹತ್ತಕ್ಕೆ ಹತ್ತರ ಕೋಣೆಗೆ ಹಾಸಿದರೆ ಗೋಡೆ ದಾಟಿ ಆಚೆ ಬರುತ್ತದೆ. ದಪ್ಪ ಮಾತ್ರ ಸುಮಾರು ಅರ್ಧ ಮಿಲಿಮೀಟರ್. ಅದರಿಂದ 65 ಇಂಚಿನ ಎಂಟು ಪರದೆ ಕತ್ತರಿಸುತ್ತಾರೆ. ಇಂಥ ಎರಡು ಗಾಜುಗಳ ನಡುವೆ ದ್ರವಸ್ಫಟಿಕ ತುಂಬುವ ಸಂದು ಎಷ್ಟೆಂದರೆ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲಿ ಮೂರೋ ನಾಲ್ಕೋ ಪಾಲು. ಅಷ್ಟು ಸಣ್ಣ ಸಂದು ಅಷ್ಟು ದೊಡ್ಡ ಹಾಳೆಯ ಉದ್ದಕ್ಕೂ ಒಂದೇ ಸಮ ಇರಬೇಕು.

ಇಷ್ಟೆಲ್ಲ ಸಾಹಸದ ಪರದೆಗೆ ನಾವು ಕೊಡುವುದೇನು? ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ಬರುವ ಎಸ್‌ಡಿ ಚಾನೆಲ್. ಅದರ ಚಿತ್ರದಲ್ಲಿರುವುದು ಹೆಚ್ಚೆಂದರೆ 720 ಗುಣಿಸು 576, ಅಂದರೆ 4,14,720 ಚುಕ್ಕಿ. 4ಕೆ ಪರದೆಯ ಇಪ್ಪತ್ತನೇ ಒಂದು ಪಾಲು. ನೀವು ನೋಡುವ ಪ್ರತಿ 20 ಚುಕ್ಕಿಗಳಲ್ಲಿ 19 ಚುಕ್ಕಿ ಚಾನೆಲ್ಲಿನವರು ಕಳಿಸಿದ್ದೇ ಅಲ್ಲ, ಟಿವಿಯೊಳಗಿನ ಚಿಪ್ ಅಕ್ಕಪಕ್ಕ ನೋಡಿ ಊಹಿಸಿ ತುಂಬಿದ್ದು. ಡಬ್ಬದ ಮೇಲೆ ನೂರು ಕೋಟಿ ಬಣ್ಣ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಊಹೆ ಎಷ್ಟು ಚೆನ್ನಾಗಿ ಮಾಡುತ್ತದೆ ಎಂದು ಎಲ್ಲೂ ಬರೆದಿರುವುದಿಲ್ಲ. ದಿನವಿಡೀ ಮುಖ್ಯವಾಗುವುದು ಅದೇ.

ಇನ್ನು ಕಣ್ಣಿನ ಲೆಕ್ಕ. ಒಳ್ಳೆಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿಗಿಂತ ಸಣ್ಣ ಅಂತರವನ್ನು ಬಿಡಿಸಿ ನೋಡಲಾರದು. 43 ಇಂಚಿನ 4ಕೆ ಪರದೆಯ ಚುಕ್ಕಿ ಕಾಲು ಮಿಲಿಮೀಟರಿನಷ್ಟು. 85 ಸೆಂಟಿಮೀಟರ್ ದಾಟಿದರೆ ಪಕ್ಕದ ಚುಕ್ಕಿಯೊಡನೆ ಕಲೆತುಹೋಗುತ್ತದೆ. ಅದೇ ಅಳತೆಯ ಫುಲ್ ಎಚ್‌ಡಿಯದು ಐದೂವರೆ ಅಡಿಯಲ್ಲಿ ಕಲೆಯುತ್ತದೆ. ಸೋಫಾ ಇರುವುದು ಒಂಬತ್ತು ಅಡಿ ದೂರದಲ್ಲಾದರೆ ಈ ಎರಡರಲ್ಲಿ ಯಾವುದು ಹೆಚ್ಚು ಎಂದು ಜಗಳವಾಡುವುದು ವ್ಯರ್ಥ. 8ಕೆಯಲ್ಲಿ 3,31,77,600 ಚುಕ್ಕಿ, ಎಣಿಸಲು 384 ದಿನ. 65 ಇಂಚಿನ ಸೆಟ್ಟಿನಲ್ಲೂ ಅವು ಬಿಡಿಯಾಗಿ ಕಾಣಬೇಕಾದರೆ ಎರಡಡಿ ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳಬೇಕು. ಬೇಡದ ಖರ್ಚು.

ದುಡ್ಡು ಹಾಕುವುದಿದ್ದರೆ ಅಳತೆಗೆ ಹಾಕಿ. 43ರಿಂದ 55ಕ್ಕೆ ಹೋದರೆ ಹೆಚ್ಚುವುದು ಹನ್ನೆರಡೇ ಇಂಚು ಅನ್ನಿಸುತ್ತದೆ, ಆದರೆ ಆ ಇಂಚು ಮೂಲೆಯಿಂದ ಮೂಲೆಗೆ. ಪರದೆಯ ವಿಸ್ತಾರ ಶೇಕಡಾ 64ರಷ್ಟು ಹಿಗ್ಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ 30,000 ರೂಪಾಯಿ ಇದ್ದರೆ ಉಳಿತಾಯ 3,000.

ಅಂಗಡಿಗೆ ಹೋಗುವ ಮುನ್ನ ಸೋಫಾದಿಂದ ಗೋಡೆಗೆ ಟೇಪು ಹಿಡಿಯಿರಿ. ಅಲ್ಲಿ ಓಡುತ್ತಿರುವ ಜಲಪಾತ, ಗಿಣಿಗಳ ವಿಡಿಯೊ ನಿಲ್ಲಿಸಿ, ಮನೆಯಲ್ಲಿ ನೋಡುವ ಎಸ್‌ಡಿ ಚಾನೆಲ್ಲನ್ನೇ ಹಾಕಲು ಹೇಳಿ. ಅಷ್ಟೇ ದೂರ ನಿಂತು ನೋಡಿ. ಮುಖಗಳು ಕಲಸಿದಂತೆ ಕಂಡರೆ ಪಕ್ಕದ ಸೆಟ್ಟಿಗೆ ಹೋಗಿ.