ಒಂದೇ ಹುತ್ತದ ಎರಡು ಒಕ್ಕಲು



ಸಿದ್ದಾಪುರ ಸೀಮೆಯ ನಿಲ್ಕುಂದದಂಥ ಊರುಗಳ ಬೆಟ್ಟದಲ್ಲಿ ಮಳೆ ಹಿಡಿದಾಗ ಹುತ್ತದ ಮೇಲೆ ಅಣಬೆ ಏಳುವುದುಂಟು. ಅದೇ ಹುತ್ತದ ಸುತ್ತ ಉಡವೂ ಹರಿದಾಡುವುದುಂಟು. ಸಂಸ್ಕೃತದಲ್ಲಿ ಒಂದಕ್ಕೆ ಛತ್ರಾಕ, ಇನ್ನೊಂದಕ್ಕೆ ಗೋಧಾ, ಹುತ್ತಕ್ಕೆ ವಲ್ಮೀಕವೆಂದು ಹೆಸರು. ಒಂದು ಸ್ಥಾವರ, ಇನ್ನೊಂದು ಜಂಗಮ. ಇವನ್ನು ಹೋಲಿಸುವುದೇಕೆಂದರೆ, ಎರಡೂ ಒಂದೇ ಮನೆಯ ಒಕ್ಕಲುಗಳು.

ಅಣಬೆಯನ್ನು ಗಿಡವೆಂದು ತಿಳಿಯುವುದು ಸರಿಯಲ್ಲ. ಅದಕ್ಕೆ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲಾರದು. ಮೇಲೆ ಕಾಣುವ ಕೊಡೆ ಫಲಮಾತ್ರ. ಅದರ ಶರೀರವು ಹುತ್ತದೊಳಗೆ ಬಿಳಿ ನೂಲಾಗಿ ಹಬ್ಬಿರುತ್ತದೆ. ಗೆದ್ದಲುಗಳು ಒಣಗಿದ ಎಲೆ, ಕಟ್ಟಿಗೆಗಳನ್ನು ಅಗಿದು ತಂದು ಒಳಗೆ ಹಾಸು ಕಟ್ಟುತ್ತವೆ. ಅಣಬೆ ಅದರ ಮೇಲೆ ಬೆಳೆದು, ಆ ಕಟ್ಟಿಗೆಯನ್ನು ಅರಗಿಸಿ ಗೆದ್ದಲಿಗೆ ಆಹಾರ ಮಾಡಿಕೊಡುತ್ತದೆ. ಈ ಜಾತಿಯ ಅಣಬೆಗಳಿಗೆ 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಎಂಬ ವಿದ್ವಾಂಸರು ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ಹೀಗೆ ಅಣಬೆಯು ಗೇಣಿ ಕೊಟ್ಟು ಇರುವ ಒಕ್ಕಲು.

ಉಡವು ಬಾಲ ಸೇರಿ 5 ಅಡಿಗೂ ಮೀರಿ ಬೆಳೆಯಬಲ್ಲದು. ಹೆಣ್ಣು ಉಡವು ಅನೇಕ ಸಲ ಹುತ್ತವನ್ನೇ ಬಗೆದು ಮೊಟ್ಟೆಯಿಟ್ಟು ಮುಚ್ಚುತ್ತದೆ. ಒಡೆದ ಗೋಡೆಯನ್ನು ಗೆದ್ದಲು ಮತ್ತೆ ಕಟ್ಟುತ್ತದೆ. ಒಳಗಿನ ಬೆಚ್ಚನೆ, ತೇವಗಳು ಮೊಟ್ಟೆಯನ್ನು ಕಾಯುತ್ತವೆ. ಉಡವು ಗೆದ್ದಲಿಗೆ ಗೇಣಿಯನ್ನೇನೂ ಕೊಡದು. ಆದರೆ ಹುಳ, ಇಲಿ, ಸತ್ತ ಪ್ರಾಣಿಗಳನ್ನು ತಿಂದು ಊರಿನ ಸುತ್ತಣ ನೆಲವನ್ನು ಶುಚಿಯಾಗಿಡುತ್ತದೆ. ಒಂದು ಮನೆಯೊಡೆಯನಿಗೆ ಸಲ್ಲಿಸಿತು, ಇನ್ನೊಂದು ಲೋಕಕ್ಕೆ ಸಲ್ಲಿಸಿತು. ಕೊಡುವ ಬಗೆ ಬೇರೆ, ದಾಸೋಹವೆಂಬ ತತ್ತ್ವ ಒಂದೇ.

ಇನ್ನು ಮನುಷ್ಯನೇನು ಮಾಡುತ್ತಾನೆ? ಮಾಂಸಕ್ಕೆಂದು, ಎಣ್ಣೆಗೆಂದು ಉಡವನ್ನು ಕೊಲ್ಲುತ್ತಾನೆ. ಗಂಡು ಉಡದ ಗುಹ್ಯಾಂಗವನ್ನು ಒಣಗಿಸಿ, 'ಹಸ್ತಜೋಡಿ' ಎಂಬ ಬೇರೆಂದು ಸುಳ್ಳು ಹೇಳಿ, ಪೂಜೆಯಲ್ಲಿಟ್ಟರೆ ಸಂಪತ್ತು ಬರುವುದೆಂದು ಮಾರುವವರಿದ್ದಾರೆ. ಕೊರಳಲ್ಲಿ ಇಷ್ಟಲಿಂಗ ಧರಿಸಿದವರು ಇದನ್ನು ಮನೆಯೊಳಗೆ ತಂದರೆ ಹಿಂಸೆಗೂ ಮೌಢ್ಯಕ್ಕೂ ಏಕಕಾಲಕ್ಕೆ ಬಾಗಿಲು ತೆರೆದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವಿದೆ. ಕೊಂದವನಿಗೆ ಕನಿಷ್ಠ 3 ವರ್ಷ ಸೆರೆವಾಸ. ಆದರೆ ಸೆರೆಮನೆಗೆ ಅಂಜಿ ಬಿಡುವುದು ಬೇರೆ, ದಯೆಯಿಂದ ಬಿಡುವುದು ಬೇರೆ.

ಅಣಬೆ ಬೇಕಾದವರು ಮೇಲೆ ಬಂದುದನ್ನಷ್ಟೇ ಎತ್ತಿಕೊಳ್ಳಲಿ. ಹುತ್ತಕ್ಕೆ ಹಾರೆ ಹಾಕುವುದು ಬೇಡ. ಹುತ್ತ ಅಳಿದರೆ ಮುಂದಿನ ಮಳೆಗೆ ಅಣಬೆಯಿಲ್ಲ, ಉಡದ ಮರಿಗೆ ನೆಲೆಯಿಲ್ಲ. ಮಣ್ಣಿನ ಕಣಕಣ ಕೂಡಿಸಿ ಗೆದ್ದಲು ಮಾಡಿದ ಕಾಯಕವನ್ನು ಒಂದು ಗಳಿಗೆಯಲ್ಲಿ ಕೆಡವುವ ಅಧಿಕಾರ ನಮಗಿಲ್ಲವೆಂಬ ಅರಿವು ನಿಮ್ಮೆಲ್ಲರಲ್ಲಿ ನೆಲೆಸಲೆಂದು ಹಾರೈಸುತ್ತೇವೆ.