ರಸಬಾಳೆಯ ನೊಣ, ಕ್ಯಾನ್ಸರ್ ಔಷಧಿ

ನಂಜನಗೂಡು ರಸಬಾಳೆ ಸ್ವಲ್ಪ ಕಳಿತರೆ ಸಾಕು, ಸುತ್ತ ಪುಟ್ಟ ನೊಣಗಳು ಹಾಜರ್. ಅದೇ ಡ್ರೊಸೊಫಿಲಾ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇವುಗಳದ್ದೇ ಒಂದು ರಾಷ್ಟ್ರೀಯ ಸಂಗ್ರಹ ಕೇಂದ್ರ ಇದೆ! ಗಾಜಿನ ಬಾಟಲಿ, ತಳದಲ್ಲಿ ರವೆ-ಬೆಲ್ಲದ ಗಂಜಿ, ಬಾಯಿಗೆ ಹತ್ತಿ. ಒಳಗೆ ತಳಿ ತಳಿಯ ನೊಣ.

ಇದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ ಅಂತೀರಾ? ಮನುಷ್ಯರ ಕಾಯಿಲೆಗೆ ಕಾರಣವಾಗೋ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲೂ ಜೋಡಿ ಸಿಗುತ್ತೆ.

1980. ಜರ್ಮನಿಯಲ್ಲಿ ನ್ಯೂಸ್ಲೈನ್-ಫೋಲ್ಹಾರ್ಡ್, ವೀಷೌಸ್ ಅನ್ನೋ ಇಬ್ಬರು ವಿಜ್ಞಾನಿಗಳು ಜೀನ್ ಕೆಟ್ಟ ನೊಣದ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಕೂತಿದ್ದರು. ಒಂದು ಬಗೆಯ ಮರಿಗೆ ಮೈತುಂಬ ಮುಳ್ಳು. ಆ ಜೀನ್‌ಗೆ ಹೆಡ್ಜ್‌ಹಾಗ್ ಅಂತ, ಮುಳ್ಳುಮೈಯ ಪುಟ್ಟ ಪ್ರಾಣಿಯ ಹೆಸರಿಟ್ಟರು. ಕೋಶಗಳಿಗೆ ಬೆಳೆಯೋ ಸಂದೇಶ ಕೊಡೋದು ಅದು. ಅದಕ್ಕೊಂದು ಬ್ರೇಕ್ ಇದೆ, ಪ್ಯಾಚ್ಡ್ ಅನ್ನೋ ಇನ್ನೊಂದು ಜೀನ್.

1996ರಲ್ಲಿ ಗೊತ್ತಾಯ್ತು: ಬೇಸಲ್ ಸೆಲ್ ಅನ್ನೋ ಚರ್ಮದ ಕ್ಯಾನ್ಸರ್‌ನಲ್ಲಿ ಕೈಕೊಟ್ಟಿರೋದು ಇದೇ ಬ್ರೇಕ್! ಹೆಡ್ಜ್‌ಹಾಗ್ ಸಂದೇಶ ಸಾಗೋ ದಾರಿಯನ್ನೇ ಮುಚ್ಚೋ ವಿಸ್ಮೋಡೆಗಿಬ್ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೊಣದ ಬಾಟಲಿಯಿಂದ ಔಷಧದ ಅಂಗಡಿಗೆ ಮೂವತ್ತೆರಡು ವರ್ಷ. ನಿಧಾನವೇ, ನಿಜ.

ಗಡ್ಡೆಯೂ ಸುಮ್ಮನಿರೋದಿಲ್ಲ. ಕೆಲವರಲ್ಲಿ ಔಷಧಿ ಕೂರೋ ಜಾಗದ ಜೀನೇ ಬದಲಾಗಿ, ಕ್ಯಾನ್ಸರ್ ತಪ್ಪಿಸಿಕೊಳ್ಳುತ್ತೆ. ಆಗ ಗಡ್ಡೆಯ ಚೂರು ತೆಗೆದು ಮತ್ತೆ ಜೀನ್ ಓದಿಸಿದರೇನೇ ಅದು ಯಾವ ದಾರಿ ಹಿಡಿದಿದೆ ಅಂತ ತಿಳಿಯೋದು.